ಡಬ್ಬಕ್ಕೆ ಸ್ನಾನ

ಆ ಊರಿನ ಧೂಳಿಗೆ ಸರಿಸಾಟಿಯಾದ ಧೂಳು ಭೂಮಂಡಲದಲ್ಲೇ ಇರಲಿಲ್ಲ. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಹೊರಟ ಗಂಡಸು ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಯಾರು ಬೇಕಾಗಿತ್ತು?" ಎಂದು ಕೇಳುತ್ತಿದ್ದಳು. ಕಾಗೆಗಳು ಕೂಗುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಒಬ್ಬ ಮುದುಕ ಪಾರ್ಕಿನ ಬೆಂಚಿನ ಮೇಲೆ ಮಧ್ಯಾಹ್ನ ಕೂತಲ್ಲೇ ನಿದ್ದೆಹೋಗಿ ಸಂಜೆ ಕಣ್ಣುಬಿಟ್ಟಾಗ, ಜನ ಅವನನ್ನು ಯಾರೋ ದೊಡ್ಡವರ ಪ್ರತಿಮೆ ಎಂದುಕೊಂಡು ಸುತ್ತ ಬೇಲಿ ಹಾಕುತ್ತಿದ್ದರಂತೆ. ಬೇಲಿಯ ಮಾತು ಸ್ವಲ್ಪ ಹೆಚ್ಚಾಯಿತು ಎನ್ನುವವರಿದ್ದಾರೆ. ಉಳಿದದ್ದೆಲ್ಲ ಕಣ್ಣಾರೆ ಕಂಡದ್ದು.

ಇಂಥ ಊರಿನ ಗಾಳಿಯನ್ನು ಅಳೆಯುವ ಕೆಲಸ ಧೂಳಕ್ಕನದು. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಹೊರಗೆ ಬರುತ್ತಿರಲಿಲ್ಲ. ನಗರಸಭೆಯ ಗಾಳಿ ಅಳತೆಯ ಕಚೇರಿ ಎಂದರೆ ಎರಡು ಕೋಣೆ, ಒಂದು ಸೂಕ್ಷ್ಮ ತಕ್ಕಡಿ, ಒಂದು ಕಂಪ್ಯೂಟರು, ಒಬ್ಬರು ಸಾಹೇಬರು ಮತ್ತು ಧೂಳಕ್ಕ. ಕೆಲಸ ಮಾಡುತ್ತಿದ್ದದ್ದು ತಕ್ಕಡಿ ಮತ್ತು ಧೂಳಕ್ಕ. ಅವಳ ಮೂಗಿನ ಪ್ರತಾಪವಂತೂ ಮೂರು ಲೋಕಕ್ಕೂ ಪ್ರಸಿದ್ಧ. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ, ಇದು ಡೀಸೆಲ್ಲು, ಇದು ಸಿಮೆಂಟು, ಇದು ಹಿಂದಿನ ಬೀದಿಯವನು ಸುಡುತ್ತಿರುವ ಪ್ಲಾಸ್ಟಿಕ್ಕು, ಅದರಲ್ಲೂ ಹಾಲಿನ ಕವರು, ಎಂದು ವಿಂಗಡಿಸಿ ಹೇಳುವಳು. ಅಂಥ ಮೂಗು ಮೂರು ವಾರದಿಂದ ಒಂದು ಹೇಳುತ್ತಿತ್ತು, ಗಾಳಿ ಅಳೆಯುವ ಹೊಸ ಡಬ್ಬ ಇನ್ನೊಂದು ಹೇಳುತ್ತಿತ್ತು. ಧೂಳಕ್ಕ ಡಬ್ಬವನ್ನು ನಂಬಿದ್ದಳು. ತಪ್ಪಾದದ್ದು ಅಲ್ಲೇ.

ಆ ಡಬ್ಬ ಊರಿಗೆ ಬಂದು ಮೂರು ತಿಂಗಳಾಗಿತ್ತು. ಫ್ರಿಜ್ಜಿನಷ್ಟು ಎತ್ತರ, ತಲೆಯ ಮೇಲೆ ತಟ್ಟೆ ಬೋರಲು ಹಾಕಿದಂಥ ಟೋಪಿ. ಗಾಳಿಯನ್ನು ಸರ್ರನೆ ಒಳಕ್ಕೆಳೆದು, ಬಿಸಿ ನಳಿಕೆಯಲ್ಲಿ ಒಣಗಿಸಿ, ಕೂದಲೆಳೆಯನ್ನು ಉದ್ದಕ್ಕೆ ಏಳು ಸೀಳು ಮಾಡಿದರೆ ಒಂದು ಸೀಳಿನಷ್ಟು ಸಣ್ಣಗಿರುವ ಧೂಳು ಎಷ್ಟಿದೆ ಎಂದು ನಿಮಿಷ ನಿಮಿಷಕ್ಕೂ ಲೆಕ್ಕ ಕೊಡುತ್ತಿತ್ತು. ಅದನ್ನು ಕೂರಿಸಿದ್ದು ನಾಲ್ಕು ರಸ್ತೆ ಕೂಡುವಲ್ಲಿ, ಶಾಲೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ. ಗೇಟಿನ ಮೇಲೊಂದು ದೊಡ್ಡ ಬೋರ್ಡು, ಅದರಲ್ಲಿ ಸಂಖ್ಯೆ. ಬೆಳಗ್ಗೆ ಎಂಟೂವರೆಗೆ ಹಿಂದಿನ ಒಂದು ಗಂಟೆಯ ಸರಾಸರಿ ನೂರರ ಕೆಳಗಿದ್ದರೆ ಶಾಲೆಯ ಮೇಲೆ ಹಸಿರು ಬಾವುಟ, ಮಕ್ಕಳು ಮೈದಾನಕ್ಕೆ. ನೂರು ದಾಟಿದರೆ ಕೆಂಪು ಬಾವುಟ, ಮಕ್ಕಳು ತರಗತಿಗೆ. ಬೋರ್ಡಿನಲ್ಲಿ ಸಂಖ್ಯೆಯೇ ಇಲ್ಲದಿದ್ದರೂ ತರಗತಿಗೆ. ಈ ನಿಯಮವನ್ನು ಬರೆದುಕೊಟ್ಟವಳು ಧೂಳಕ್ಕನೇ, ಯಾಕೆಂದರೆ ಆ ಶಾಲೆಯ ನಾಲ್ಕನೇ ತರಗತಿಯಲ್ಲಿ ಅವಳ ಮಗಳಿದ್ದಳು.

ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಮಿಡತೆ ಎಂದು. ನಡೆಯುವುದು ಅವಳ ಜಾತಕದಲ್ಲೇ ಬರೆದಿರಲಿಲ್ಲ, ಹಾಸಿಗೆಯಿಂದ ಬಚ್ಚಲಿಗೂ ಓಡಿಯೇ ಹೋಗುವಳು. ಆದರೆ ದೇವರು ಕಾಲನ್ನು ಕೊಟ್ಟ ಕೈಯಲ್ಲೇ ಎದೆಯೊಳಗೆ ಒಂದು ಸೀಟಿಯನ್ನೂ ಇಟ್ಟು ಕಳಿಸಿದ್ದ. ಗಾಳಿ ಕೆಟ್ಟರೆ ಉಬ್ಬಸ. ಹೋದ ವರ್ಷ ನಾಲ್ಕು ದಿನ ಆಸ್ಪತ್ರೆಯಲ್ಲಿ ಮೂಗಿಗೆ ಮುಖವಾಡ ಹಾಕಿಕೊಂಡು ಮಲಗಿದ್ದ ಮಗು ಅದು. ಗಂಡ ಗೂಡ್ಸ್ ರೈಲಿನ ಗಾರ್ಡು, ವಾರಕ್ಕೊಮ್ಮೆ ಮನೆ ಕಾಣುವವನು. ಆ ನಾಲ್ಕು ದಿನ ಮಂಚದ ಪಕ್ಕ ಕೂತು ಒಂದೊಂದು ಉಸಿರಿಗೂ ತನ್ನ ಉಸಿರು ಹಿಡಿದವಳು ಧೂಳಕ್ಕ ಒಬ್ಬಳೇ. ಡಬ್ಬ ಬಂದ ದಿನದಿಂದ ಮನೆಯಲ್ಲಿ ಒಂದೇ ಕಾನೂನು: ಅಮ್ಮನ ಡಬ್ಬ ನೂರರ ಕೆಳಗೆ ಅಂದ ದಿನ ಓಡು, ಇಲ್ಲದಿದ್ದರೆ ಇಲ್ಲ.

ಎರಡು ತಿಂಗಳು ಕೆಂಪು ಬಾವುಟ ಇಳಿಯಲೇ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ, ಮೂರು ವಾರದ ಹಿಂದೆ, ಬೋರ್ಡಿನ ಸಂಖ್ಯೆ ನೂರೆಪ್ಪತ್ತರಿಂದ ಎಪ್ಪತ್ತಕ್ಕೆ ಜಾರಿತು. ಅದೂ ಚಳಿಗಾಲದಲ್ಲಿ, ಹೊಗೆ ನೆಲಬಿಟ್ಟು ಏಳದ ಕಾಲದಲ್ಲಿ! ಊರಿಗೆ ಊರೇ ಮೀಸೆ ತಿರುವಿತು. ಸಾಹೇಬರು ಹಳೆಯ ಕೋಟು ಇಸ್ತ್ರಿ ಮಾಡಿಸಿದರು. ಮಿಡತೆ ದಿನವೂ ಮೈದಾನದಲ್ಲಿ ಓಡಿದಳು, ದಿನವೂ ಕೆಮ್ಮಿದಳು. ಕೆಮ್ಮಿಗೆ ಧೂಳಕ್ಕ ಮೊದಲು ಕಂಬಳಿಯನ್ನು ಬೈದಳು, ಆಮೇಲೆ ದಿಂಬನ್ನು, ಆಮೇಲೆ ಪಕ್ಕದ ಮನೆಯ ಬೆಕ್ಕನ್ನು. ಬೆಕ್ಕು ಮುನಿಸಿಕೊಂಡು ಆ ಕಡೆ ಬರುವುದನ್ನೇ ಬಿಟ್ಟಿತು. ಕೆಮ್ಮು ಬಿಡಲಿಲ್ಲ.

ಆ ದಿನ ಬೆಳಗ್ಗೆ ಮಿಡತೆ ಶೂ ಕಟ್ಟಿಕೊಳ್ಳುತ್ತ ಕೇಳಿದಳು:

"ಅಮ್ಮಾ, ಇವತ್ತು ಎಷ್ಟಿರುತ್ತೆ?"

"ಡಬ್ಬನ ಕೇಳು. ನನ್ನ ಕೇಳಿದ್ರೆ?"

"ನೂರರ ಕೆಳಗಿದ್ರೆ ಓಡ್ಲಾ? ಇವತ್ತು ಆಯ್ಕೆ ಓಟ. ಒಂಬತ್ತು ಗಂಟೆಗೆ. ನಾಲ್ಕು ಸುತ್ತು."

"ಇದ್ರೆ ಓಡು."

"ಆಣೆ?"

"ಆಣೆ. ಕೆಮ್ಮು ಹೇಗಿದೆ?"

"ಯಾವ ಕೆಮ್ಮು?" ಎಂದು ಕೇಳಿ ಮಿಡತೆ ಕೆಮ್ಮಿದಳು.

ಮಗಳು ಶಾಲೆಯ ಬಸ್ಸು ಹತ್ತಿದಳು. ಧೂಳಕ್ಕ ಸ್ಕೂಟರು ಹತ್ತಿ ಎಂಟು ಗಂಟೆಗೆಲ್ಲ ಕಚೇರಿ ತಲುಪಿದಳು.

ತಕ್ಕಡಿಯ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಾಗದ ಕಾದಿತ್ತು. ಹೊಸ ಡಬ್ಬ ಬರುವ ಮೊದಲು ಗಾಳಿ ಅಳೆಯುತ್ತಿದ್ದದ್ದು ಈ ಕಾಗದದಿಂದಲೇ. ಅಂಚೆ ಕಚೇರಿಯ ತಾರಸಿಯ ಮೇಲೊಂದು ಹಳೆಯ ಯಂತ್ರ, ಬಸ್ ಡಿಪೋದ ಆಚೆ ಮಗ್ಗುಲಿಗೆ. ಅದರ ಬಾಯಿಗೆ ನೋಟ್‌ಬುಕ್ಕಿನ ಹಾಳೆಯಷ್ಟಗಲದ ಬಿಳಿ ಕಾಗದ ಸಿಕ್ಕಿಸಿ ಇಪ್ಪತ್ನಾಲ್ಕು ಗಂಟೆ ಗಾಳಿ ಹೀರಿಸಬೇಕು. ಆಮೇಲೆ ಕಾಗದವನ್ನು ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಒಣಗಿಸಿ ತೂಗಬೇಕು. ಮೊದಲಿನ ತೂಕಕ್ಕೂ ಈಗಿನ ತೂಕಕ್ಕೂ ಇರುವ ವ್ಯತ್ಯಾಸವೇ ಧೂಳು. ವಾರಕ್ಕೆರಡು ಕಾಗದ. ಈ ಮೂರು ವಾರದಲ್ಲಿ ಐದು ಕಾಗದ ತೂಗಿಯಾಗಿತ್ತು, ಇದು ಆರನೆಯದು. ಐದೂ ಕಾಗದ ಡಬ್ಬದ ಮಾತಿಗೆ ತಿರುಗಿ ನಿಂತಿದ್ದವು. ಮೊದಲನೆಯದಕ್ಕೆ ಅವಳು ಮೋಟಾರಿನ ಬೇರಿಂಗು ಕೆಟ್ಟಿದೆ ಎಂದಳು. ಎರಡನೆಯದಕ್ಕೆ ತಕ್ಕಡಿ ಅಲುಗಿದೆ ಎಂದಳು. ಮೂರನೆಯದಕ್ಕೆ ಹಕ್ಕಿ. ಹೊಸ ಅಳಿಯ ಏನು ಹೇಳಿದರೂ ಸರಿ, ಮನೆಯ ಮುದುಕ ಏನು ಹೇಳಿದರೂ ಗೊಣಗಾಟ ಎನ್ನುವಂತಾಗಿತ್ತು ಕಾಗದದ ಪಾಡು.

ಪೆಟ್ಟಿಗೆ ತೆರೆದಾಗ ಕಾಗದ ಕಾದ ಬಾಣಲೆಯ ತಳದ ಬಣ್ಣದಲ್ಲಿತ್ತು. ಧೂಳಕ್ಕ ಚಿಮಟದಲ್ಲಿ ಹಿಡಿದು ತಕ್ಕಡಿಯ ಮೇಲಿಟ್ಟಳು. ಉಸಿರು ತಾಗಿದರೂ ತೂಕ ತಪ್ಪುವ ತಕ್ಕಡಿ ಅದು. ಒಮ್ಮೆ ಸಾಹೇಬರು ಪಕ್ಕದ ಕೋಣೆಯಲ್ಲಿ ಆಕಳಿಸಿದ್ದಕ್ಕೇ ಕಾಲು ಗ್ರಾಂ ಹೆಚ್ಚು ತೋರಿಸಿತ್ತು ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಧೂಳಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಮೂರು ಸಲ ತೂಗಿದಳು. ಮೂರು ಸಲವೂ ಒಂದೇ ತೂಕ. ಲೆಕ್ಕ ಹಾಕಿದರೆ ನೂರತೊಂಬತ್ತೆರಡು. ಅದೇ ದಿನ ಡಬ್ಬ ಬೆಳಗ್ಗೆ ಎಂಟೂವರೆಗೆ ಹೇಳಿದ್ದು ಎಪ್ಪತ್ತೊಂದು.

ಒಂದೇ ಊರು, ಒಂದೇ ದಿನ, ನಡುವೆ ಒಂದು ಬಸ್ ಡಿಪೋ.

ಇನ್ನು ಹಕ್ಕಿಯನ್ನು ದೂರುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು, ಇಷ್ಟು ದಿನ ಯಾರೂ ತೆರೆಯದ ಪುಟ ತೆರೆದಳು: ಡಬ್ಬದ ನಿಮಿಷ ನಿಮಿಷದ ಗೆರೆ, ಕಾಗದ ಸಿಕ್ಕಿಸಿದ ಆ ದಿನದ್ದು. ಗೆರೆ ಬೆಟ್ಟದ ಸಾಲಿನಂತೆ ಹೋಗುತ್ತ ಹೋಗುತ್ತ, ಬೆಳಗ್ಗೆ ಏಳೂವರೆಗೆ ಬಾವಿಗೆ ಬಿದ್ದಿತ್ತು. ಒಂದು ಗಂಟೆ ಬಾವಿಯ ತಳ. ಒಂಬತ್ತೂವರೆ ಹೊತ್ತಿಗೆ ಮತ್ತೆ ಬೆಟ್ಟ. ಹಿಂದಿನ ದಿನ ನೋಡಿದಳು, ಬಾವಿ. ಅದರ ಹಿಂದಿನ ದಿನ, ಬಾವಿ. ಭಾನುವಾರ ನೋಡಿದಳು. ಬಾವಿ ಇಲ್ಲ! ಊರೆಲ್ಲ ಮಲಗಿರುವ ಭಾನುವಾರ ಬೆಳಗ್ಗೆ ಧೂಳು ನೂರರವತ್ತೆಂಟು. ಲಾರಿ ಬಸ್ಸು ಮುಗಿಬೀಳುವ ಸೋಮವಾರ ಎಪ್ಪತ್ತು. ಧೂಳು ಭಾನುವಾರ ಮಾತ್ರ ಕೆಲಸಕ್ಕೆ ಬರುತ್ತದೆಯೇ?

ಪಕ್ಕದ ಗೆರೆ ಗಾಳಿಯ ತೇವದ್ದು. ಅದೂ ಏಳೂವರೆಗೇ ನೆಗೆದಿತ್ತು, ತೊಂಬತ್ತೊಂದಕ್ಕೆ. ಕಿಟಕಿಯಾಚೆ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ.

ಮೋಡವಿಲ್ಲದೆ ಮಳೆ ಸುರಿಸುವವನು ಆ ಊರಿನಲ್ಲಿ ಒಬ್ಬನೇ. ರಸ್ತೆಯ ಧೂಳು ಕೂರಿಸುವ ನಗರಸಭೆಯ ಮಂಜುನೀರಿನ ಲಾರಿಯ ಚಾಲಕ, ಊರಿಗೆ ಮಳೆರಾಯ, ಅವಳಿಗೆ ಒಡಹುಟ್ಟಿದ ತಮ್ಮ. ಭಾನುವಾರ ಅವನಿಗೆ ರಜೆ.

ಧೂಳಕ್ಕ ಗಡಿಯಾರ ನೋಡಿದಳು, ಎಂಟೂ ಮೂವತ್ತೈದು. ತಮ್ಮನಿಗೆ ಫೋನು ಮಾಡಿದಳು. ಆ ಲಾರಿಯ ಪಂಪು ಶುರುವಾದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸುವುದಿಲ್ಲ, ಇನ್ನು ಫೋನೆಲ್ಲಿ. ಶಾಲೆಗೆ ಮಾಡಿದಳು. ಅಟೆಂಡರು ಎತ್ತಿಕೊಂಡ.

"ಬಾವುಟ ಯಾವುದು ಹಾಕಿದಾರೆ?"

"ಹಸಿರೇ ಮೇಡಂ. ಎಪ್ಪತ್ತೆರಡು. ಎಷ್ಟು ಚೆನ್ನಾಗಿ ಹಾರ್ತಿದೆ ಅಂದ್ರೆ…"

"ಇಳಿಸು! ಈಗ್ಲೇ ಇಳಿಸು!"

"ನಾನು ಹೇಗ್ ಇಳಿಸ್ಲಿ ಮೇಡಂ? ಬೋರ್ಡ್ ನೋಡಿ ಹಾಕ್ಬೇಕು, ಬೋರ್ಡ್ ನೋಡಿ ಇಳಿಸ್ಬೇಕು ಅಂತ ನೀವೇ ಬರೆದ್ಕೊಟ್ಟಿದೀರಲ್ಲ. ನನ್ನ ಕೈಲೇ ಲ್ಯಾಮಿನೇಷನ್ ಮಾಡ್ಸಿದ್ರಿ."

ಕಚೇರಿಯಿಂದ ಶಾಲೆಗೆ ನಾಲ್ಕು ಕಿಲೋಮೀಟರು. ಅದರಲ್ಲಿ ಏಳು ಸಿಗ್ನಲ್ಲು. ಧೂಳಕ್ಕ ಆ ದಿನ ಸ್ಕೂಟರು ಓಡಿಸಿದ ರೀತಿಗೆ ಸ್ಕೂಟರೇ ಹೆದರಿತು. ಮೊದಲ ಸಿಗ್ನಲ್ಲಿನಲ್ಲಿ ಅವಳು ನಿಂತಳು, ಎರಡನೆಯದರಲ್ಲಿ ನಿಲ್ಲುವ ಹಾಗೆ ಮಾಡಿದಳು, ಮೂರನೆಯದು ಅಲ್ಲಿತ್ತು ಎಂಬುದೇ ಅವಳಿಗೆ ಗೊತ್ತಾಗಲಿಲ್ಲ. ಒಬ್ಬ ಪೊಲೀಸ್ ಪೇದೆ ಸೀಟಿ ಬಾಯಿಗಿಟ್ಟು ಊದುವಷ್ಟರಲ್ಲಿ ಅವಳು ಮುಂದಿನ ಪೇದೆಯ ಸೀಟಿಗೂ ಸಿಗದೆ ಹೋಗಿದ್ದಳು. ಐದನೆಯದರಲ್ಲಿ ಮಾತ್ರ ಸಿಕ್ಕಿಬಿದ್ದಳು. ಮುಂದೆ ಜಲ್ಲಿ ಲಾರಿ, ಹಿಂದೆ ಜಲ್ಲಿ ಲಾರಿ, ಪಕ್ಕದಲ್ಲಿ ಕಪ್ಪು ಹೊಗೆ ಕಾರುವ ಮಿನಿಬಸ್ಸು. ಸಿಗ್ನಲ್ಲಿನ ಕೆಂಪು ಸಂಖ್ಯೆ ಒಂದೊಂದೇ ಇಳಿಯುತ್ತಿತ್ತು, ಎಂಬತ್ತೊಂಬತ್ತು, ಎಂಬತ್ತೆಂಟು. ಅವಳ ಮೂಗು ಸುಮ್ಮನಿರದೆ ಲೆಕ್ಕ ಹಾಕುತ್ತಿತ್ತು: ಡೀಸೆಲ್ಲು, ಕಲ್ಲಿನ ಪುಡಿ, ಟೈರು. ಇದನ್ನೇ ಈಗ ಮಗು ಬಾಯ್ತೆರೆದು ಒಳಗೆಳೆದುಕೊಳ್ಳುತ್ತಿದೆ. ಓಡುವ ಮಗು ಕೂತ ಮಗುವಿಗಿಂತ ಐದರಷ್ಟು ಗಾಳಿ ಎಳೆಯುತ್ತದೆ. ನಾನೇ ಆಣೆ ಮಾಡಿದೆ. ನಾನೇ ಓಡು ಅಂದೆ.

ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದಾಗ ಎಂಟೂ ಐವತ್ತೆರಡು. ಶಾಲೆಯ ಮುಂದೆ ರಸ್ತೆ ತೊಳೆದ ಬಂಗಾರದಂತೆ ಹೊಳೆಯುತ್ತಿತ್ತು. ಮಂಜುನೀರಿನ ಲಾರಿ ಡಬ್ಬದ ಎದುರು ನಿಂತು, ಫಿರಂಗಿಯಂಥ ಬಾಯಿಂದ ಬಿಳಿ ತುಂತುರನ್ನು ಉಗುಳುತ್ತಿತ್ತು. ಗೇಟಿನ ಮೇಲೆ ಹಸಿರು ಅಕ್ಷರದಲ್ಲಿ ೭೨. ಲಾರಿಯ ಮೆಟ್ಟಿಲ ಮೇಲೆ ಮಳೆರಾಯ, ಮದುವೆ ಗಂಡಿನ ಹಾಗೆ ನಿಂತಿದ್ದ.

"ಅಕ್ಕಾ! ನೋಡಿದ್ಯಾ? ಮಗು ಓಡೋ ದಿನ ಅಂತ ಇವತ್ತು ಎರಡು ಸುತ್ತು ಜಾಸ್ತಿ ಹೊಡೆದಿದೀನಿ. ಸೋದರಮಾವ ಅಂದ್ರೆ ಹೀಗಿರ್ಬೇಕು!"

"ನಿಲ್ಲಿಸೋ!"

"ಏನಂದೆ?"

"ಪಂಪು ನಿಲ್ಲಿಸೋ, ನಿನ್ನ ಮುಖಕ್ಕಿಷ್ಟು!"

ಪಂಪು ನಿಂತಿತು. ಅಷ್ಟು ಹೊತ್ತು ಕೂಗಿಯೇ ಮಾತಾಡುತ್ತಿದ್ದರಿಂದ ಅವನ ಮುಂದಿನ ಮಾತೂ ಇಡೀ ರಸ್ತೆಗೆ ಕೇಳಿಸಿತು: "ಮೂರು ವಾರದಿಂದ ನಿನ್ನ ಡಬ್ಬಕ್ಕೆ ಸ್ನಾನ ಮಾಡಿಸ್ತಿದೀನಿ, ಒಂದು ಥ್ಯಾಂಕ್ಸ್ ಇಲ್ವಲ್ಲಕ್ಕಾ!"

"ಯಾರೋ ಹೇಳಿದ್ದು ನಿಂಗೆ?"

"ನೀನೇ! ಅವತ್ತು ಊಟಕ್ಕೆ ಕೂತಾಗ ಅಂದಿಲ್ವಾ? ಸಂಖ್ಯೆ ಇಳೀದಿದ್ರೆ ಸಾಹೇಬ್ರು ನನ್ನ ಎತ್ತಂಗಡಿ ಮಾಡ್ತಾರೆ, ನಿನ್ನ ಲಾರಿನಾದ್ರೂ ತಂದು ನನ್ನ ಡಬ್ಬದ ಮುಂದೆ ನಿಲ್ಸೋ ಅಂತ."

"ತಮಾಷೆಗೆ ಅಂದಿದ್ದು ಕಣೋ!"

"ನೀನು ತಮಾಷೆ ಮಾಡೋದು ಹತ್ತು ವರ್ಷಕ್ಕೊಂದ್ಸಲ. ನಂಗೆ ಹೇಗಕ್ಕ ಗೊತ್ತಾಗ್ಬೇಕು?" ಅವನ ಮುಖ ಸಣ್ಣದಾಯಿತು. "ನೀರು ಹೊಡೆದ್ರೆ ಧೂಳು ಕೂರುತ್ತಲ್ವಾ? ಅದಕ್ಕೇ ತಾನೆ ಲಾರಿ ಕೊಟ್ಟಿರೋದು?"

"ಕೂರುತ್ತೆ. ಎಲ್ಲಿ? ಡಬ್ಬದ ಸುತ್ತ ಮೂವತ್ತು ಹೆಜ್ಜೆ. ಮೈದಾನ ಎಲ್ಲಿದೆ ಹೇಳು?"

ಮಳೆರಾಯ ಶಾಲೆಯ ಕಟ್ಟಡದ ಕಡೆ ನೋಡಿದ. ಮೈದಾನ ಅದರ ಹಿಂದಿತ್ತು, ಬಸ್ ಡಿಪೋದ ಗೋಡೆಗೆ ಅಂಟಿಕೊಂಡು. ಎಂಟೂವರೆಗೆ ಅಲ್ಲಿ ನಲವತ್ತು ಬಸ್ಸುಗಳು ಒಟ್ಟಿಗೆ ಎಂಜಿನ್ನು ಬಿಸಿಮಾಡಿಕೊಳ್ಳುತ್ತವೆ. ಊರಿನ ಆಕಾಶ ಕಪ್ಪಾಗುವುದು ಅಲ್ಲಿಂದಲೇ ಶುರು.

"ಡಿಪೋ ರಸ್ತೆಗೆ ನೀರು ಹೊಡೆಯೋದು ಯಾರ ಕೆಲಸ?"

"ನಂದೇ," ಎಂದ ಅವನು. ಈ ಸಲ ಕೂಗಲಿಲ್ಲ. "ಇಲ್ಲೇ ಖಾಲಿ ಆಗ್ಬಿಡುತ್ತಕ್ಕ ಟ್ಯಾಂಕು. ಮೂರು ವಾರದಿಂದ ಆ ಕಡೆ ಹೋಗಿಲ್ಲ."

"ಜ್ವರ ಬಂದ ಮಗೂನ ಬಿಟ್ಟು ಥರ್ಮಾಮೀಟರಿಗೆ ಒದ್ದೆ ಬಟ್ಟೆ ಕಟ್ಟಿದೀಯಲ್ಲೋ," ಎಂದಳು ಧೂಳಕ್ಕ, ಗೇಟಿನ ಒಳಗೆ ಓಡುತ್ತ.

ಮೈದಾನದಲ್ಲಿ ಓಟ ಆಗಲೇ ಶುರುವಾಗಿತ್ತು. ಆಟದ ಮೇಷ್ಟ್ರಿಗೆ ಊರಲ್ಲಿ ಸೀಟಿ ಮೇಷ್ಟ್ರು ಎಂದೇ ಹೆಸರು. ಅವರು ಹೆಂಡತಿಯನ್ನು ಕರೆಯುವುದೂ ಸೀಟಿ ಊದಿಯೇ ಎಂದು ಜನ ಆಡಿಕೊಳ್ಳುತ್ತಿದ್ದರು. ಬಿಸಿಲೇರುವ ಮೊದಲೇ ಮುಗಿಸೋಣವೆಂದು ಹತ್ತು ನಿಮಿಷ ಮುಂಚಿತವಾಗಿ ಓಡಿಸಿದ್ದರು. ಬೂದಿ ಬಣ್ಣದ ಮಬ್ಬಿನಲ್ಲಿ ಹದಿನಾಲ್ಕು ಮಕ್ಕಳು ಸುತ್ತುತ್ತಿದ್ದರು. ಆಚೆ ಬದಿಯ ಮಕ್ಕಳಿಗೆ ಮುಖವಿರಲಿಲ್ಲ, ಬರೀ ಕಾಲುಗಳು. ಎಲ್ಲರಿಗಿಂತ ಮುಂದೆ ಒಂದು ಪುಟ್ಟ ಆಕೃತಿ ನೆಲ ಮುಟ್ಟದಂತೆ ನೆಗೆಯುತ್ತ ಬರುತ್ತಿತ್ತು. ಯಾರೆಂದು ಹೇಳಬೇಕಾಗಿಲ್ಲ.

"ನಿಲ್ಲಿಸಿ ಮೇಷ್ಟ್ರೇ! ಗಾಳಿ ಸರಿಯಿಲ್ಲ!"

"ಎಪ್ಪತ್ತೆರಡು ಅಂತಿದೆ?"

"ಅದು ಸುಳ್ಳು."

ಸೀಟಿ ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಎರಡು ತಿಂಗಳು ಬೋರ್ಡ್ ಸತ್ಯ, ಅದು ಹೇಳ್ದಂಗೆ ಕೇಳಿ ಅಂದ್ರಿ. ಎರಡು ತಿಂಗಳು ಮಕ್ಕಳನ್ನ ಕೋಳಿ ಥರ ಕೂಡಿಹಾಕಿದೆ. ಈಗ ನಿಮ್ಮ ಮಗಳು ಮುಂದಿದಾಳೆ, ಭಯ ಆಗ್ತಿದೆ ಅಂತ ಬೋರ್ಡೇ ಸುಳ್ಳು ಅಂತೀರಾ? ಇನ್ನೆರಡೇ ಸುತ್ತು. ತಾಯಿ ಮನಸ್ಸು, ನಂಗರ್ಥ ಆಗುತ್ತೆ. ಆ ಕಡೆ ನಿಂತ್ಕೊಳ್ಳಿ."

ಮಿಡತೆ ಹತ್ತಿರ ಬಂದಳು. ಧೂಳಕ್ಕ ಎರಡೂ ಕೈ ಎತ್ತಿ "ಸಾಕು, ನಿಲ್ಲು" ಎಂದು ಬೀಸಿದಳು. ಅಮ್ಮ ಹುರಿದುಂಬಿಸಲು ಬಂದಿದ್ದಾಳೆ ಎಂದುಕೊಂಡ ಮಿಡತೆ ಮುಖವರಳಿಸಿ ಇನ್ನೂ ಜೋರಾಗಿ ಓಡಿದಳು. ಅವಳು ಹಾದುಹೋದ ಆ ಒಂದು ಗಳಿಗೆಯಲ್ಲಿ ಧೂಳಕ್ಕನಿಗೆ ಅದು ಕೇಳಿಸಿತು. ಉಸಿರೆಳೆಯುವಾಗ ಇಲ್ಲ, ಬಿಡುವಾಗ. ಸೀಟಿ. ತೆಳ್ಳಗೆ, ಬಾಗಿಲ ಸಂದಿಯ ಗಾಳಿಯಂತೆ. ಮೈದಾನದಲ್ಲಿ ನೂರು ಜನ ಕೂಗುತ್ತಿದ್ದರು, ನಲವತ್ತು ಬಸ್ಸು ಗುಡುಗುತ್ತಿದ್ದವು. ಅವಳಿಗೆ ಬೇರೇನೂ ಕೇಳಿಸಲಿಲ್ಲ.

ಮೇಷ್ಟ್ರಿಗೆ ವಿವರಿಸುತ್ತ ನಿಂತರೆ ಎರಡು ಸುತ್ತು ಮುಗಿದೇ ಹೋಗುತ್ತದೆ. ಲಾರಿ ನಿಂತರೂ ಬೋರ್ಡಿನ ಸಂಖ್ಯೆ ಏರುವುದಕ್ಕೆ ಮುಕ್ಕಾಲು ಗಂಟೆ ಬೇಕು, ಅದು ಗಂಟೆಯ ಸರಾಸರಿ. ಉಳಿದದ್ದು ಒಂದೇ ದಾರಿ. ಧೂಳಕ್ಕ ಹಿಂದಕ್ಕೆ ತಿರುಗಿ ಗೇಟಿಗೆ ಓಡಿದಳು. ಮಗಳಿಗೆ ಕಾಲು ಎಲ್ಲಿಂದ ಬಂದಿತ್ತು ಎಂಬುದು ಆ ದಿನ ಶಾಲೆಗೆ ಗೊತ್ತಾಯಿತು. ಕಟ್ಟೆ ಹತ್ತಿ, ಕೊರಳ ದಾರದ ಕೀಲಿಯಿಂದ ಡಬ್ಬದ ಬಾಗಿಲು ತೆಗೆದು, ಒಳಗಿನ ತಿರುಗಣೆಯನ್ನು 'ದುರಸ್ತಿ'ಗೆ ತಿರುಗಿಸಿದಳು.

ಗೇಟಿನ ಮೇಲೆ ೭೨ ಆರಿತು. ಎರಡು ಅಡ್ಡಗೆರೆ ಮೂಡಿದವು.

ಹಸಿರು ಬಾವುಟ ಇಳಿಸುತ್ತ ಅಟೆಂಡರು ಕೂಗಿದ: "ಮೇಷ್ಟ್ರೇ, ಸಂಖ್ಯೆ ಇಲ್ಲ! ಒಳಗೆ!" ಲ್ಯಾಮಿನೇಷನ್ ಮಾಡಿಸಿದ ನಿಯಮದ ಮುಂದೆ ಸೀಟಿ ಮೇಷ್ಟ್ರೂ ಅಷ್ಟೇ, ಸಾಕ್ಷಾತ್ ಇಂದ್ರನೂ ಅಷ್ಟೇ. ಉದ್ದದ ಸೀಟಿ ಕೇಳಿಸಿತು.

ಧೂಳಕ್ಕ ಮರಳಿ ಮೈದಾನದ ಅಂಚಿಗೆ ಬಂದಾಗ ಮಕ್ಕಳು ಗೊಣಗುತ್ತ ಸಾಲಾಗಿ ಬರುತ್ತಿದ್ದರು. ಮಿಡತೆ ಎಲ್ಲರಿಗಿಂತ ಹಿಂದೆ ಉಳಿದಿದ್ದಳು. ಎರಡೂ ಕೈ ಮಂಡಿಗೆ ಊರಿ ಬಗ್ಗಿದ್ದಳು, ಭುಜಗಳು ಕಿವಿಯವರೆಗೆ ಎದ್ದು ಇಳಿಯುತ್ತಿದ್ದವು. ತರಗತಿಯ ಟೀಚರು ಅವಳ ಚೀಲದಿಂದ ಉಬ್ಬಸದ ಪಂಪು ತೆಗೆದು ಅವಳ ಬಾಯಿಗಿಟ್ಟು ಎರಡು ಸಲ ಒತ್ತಿದರು. ಧೂಳಕ್ಕ ಮಂಡಿಯೂರಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಮಗಳು ಕೈಯನ್ನು ತಳ್ಳಿದಳು.

"ನೀನು… ನಿಲ್ಸಿದ್ದಾ?"

"ಹೌದು ಮಿಡತೆ. ಗಾಳಿ…"

"ಎಪ್ಪತ್ತೆರಡು… ಇತ್ತು." ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು. "ನಾನು… ಫಸ್ಟ್… ಇದ್ದೆ."

"ಆ ಸಂಖ್ಯೆ ತಪ್ಪು ಪುಟ್ಟಾ. ನಂದೇ ತಪ್ಪು."

ಮಿಡತೆ ಟೀಚರ ಕೈ ಹಿಡಿದು ತರಗತಿಯೊಳಗೆ ಹೋಗಿ, ಬಾಗಿಲನ್ನು ತಾನೇ ಹಾಕಿಕೊಂಡಳು. ಟೀಚರು ಬಾಗಿಲನ್ನು ಅರ್ಧ ತೆಗೆದು ಮೆಲ್ಲಗೆ ಹೇಳಿದರು: "ಐದು ನಿಮಿಷ ಬಿಡಿ. ನಾನು ಪಕ್ಕದಲ್ಲೇ ಇದೀನಿ. ಈಗ ಅಳಿಸಿದ್ರೆ ಉಸಿರು ಇನ್ನೂ ಕೆಡುತ್ತೆ."

ಆಗ ಫೋನು ಬಡಿದುಕೊಂಡಿತು. ಸಾಹೇಬರು.

"ಏನಮ್ಮಾ, ಕಚೇರಿಗೆ ಬಂದು ನೋಡಿದ್ರೆ ಅಡ್ಡಗೆರೆ ಬರ್ತಿದೆ? ಹನ್ನೊಂದಕ್ಕೆ ರಾಜಧಾನಿಯಿಂದ ತಂಡ ಬರುತ್ತೆ, ಅತಿ ಹೆಚ್ಚು ಸುಧಾರಿಸಿದ ಊರು ಅಂತ ನಮಗೆ ಪ್ರಶಸ್ತಿ ಕೊಡೋಕೆ. ಕೋಟು ಹಾಕ್ಕೊಂಡು ಕೂತಿದೀನಿ."

"ಸಾರ್, ಮೂರು ವಾರದ ಸಂಖ್ಯೆ ಸುಳ್ಳು. ಲಾರಿ ನೀರು ಡಬ್ಬಕ್ಕೆ ಬೀಳ್ತಿತ್ತು. ಕಾಗದ ನೂರತೊಂಬತ್ತೆರಡು ಅಂತಿದೆ."

ಆ ತುದಿಯಲ್ಲಿ ಕೋಟು ಸರಭರ ಎಂದಿತು. ಸಾಹೇಬರ ದನಿ ಜೇನಿನಲ್ಲಿ ಅದ್ದಿ ತೆಗೆದಂತಾಯಿತು. "ದುರಸ್ತಿ ಅಂತ ಹಾಕಿದೀಯಲ್ಲ, ಒಳ್ಳೇದೇ ಆಯ್ತು. ಹಾಗೇ ಇರ್ಲಿ ಬಿಡು. ದುರಸ್ತಿಗೆ ಯಾರನ್ನೂ ಗಲ್ಲಿಗೆ ಹಾಕಲ್ಲ. ಹತ್ತೂವರೆಗೆ ಮತ್ತೆ ಆನ್ ಮಾಡು. ನಿನ್ನ ತಮ್ಮ ಅಲ್ಲೇ ಇದಾನಲ್ಲ?"

"ನಿಮಗೆ ಗೊತ್ತಿತ್ತಾ ಸಾರ್?"

"ನನಗೇನೂ ಗೊತ್ತಿಲ್ಲಮ್ಮ. ಲಾರಿ ಎಲ್ಲಿ ಹೋಗುತ್ತೆ ಅನ್ನೋದು ಬೇರೆ ವಿಭಾಗ."

ಧೂಳಕ್ಕನಿಗೆ ಒಂದು ಕ್ಷಣ ಆ ಜೇನು ರುಚಿಸಿತು ಎಂಬುದನ್ನು ಮುಚ್ಚಿಡಬಾರದು. ದುರಸ್ತಿ ಎಂದುಬಿಟ್ಟರೆ ಕೆಲಸ ಉಳಿಯುತ್ತದೆ, ತಮ್ಮನ ಲಾರಿ ಉಳಿಯುತ್ತದೆ, ಯಾರಿಗೂ ಏನೂ ಆಗಿಲ್ಲ. ನಾಳೆ ಮತ್ತೆ ಸ್ನಾನ, ನಾಡಿದ್ದು ಮತ್ತೆ ಸ್ನಾನ. ಆದರೆ ನಾಡಿದ್ದು ಹಸಿರು ಬಾವುಟ ಕಂಡು ಓಡುವ ಮಕ್ಕಳಲ್ಲಿ ಎಷ್ಟು ಮಕ್ಕಳ ಎದೆಯಲ್ಲಿ ಸೀಟಿ ಇದೆಯೆಂದು ಅವರವರ ಅಮ್ಮಂದಿರಿಗೂ ಗೊತ್ತಿಲ್ಲವಲ್ಲ.

"ಸಾರ್, ನಾನು ಡಬ್ಬನ ಈಗಲೇ ಆನ್ ಮಾಡ್ತಿದೀನಿ. ನೀರಿಲ್ದೆ. ಮೂರು ವಾರದ್ದನ್ನ ಹೊಡೆದು ಹಾಕ್ತಿದೀನಿ."

"ಅಲ್ಲೇ ಇರು. ಜೀಪಲ್ಲಿ ಬರ್ತಿದೀನಿ," ಎಂದರು ಸಾಹೇಬರು. ಜೇನೆಲ್ಲ ಸೋರಿಹೋಗಿತ್ತು.

ಧೂಳಕ್ಕ ಮತ್ತೆ ಕಟ್ಟೆ ಹತ್ತಿದಳು. ಡಬ್ಬದೊಳಗೆ ದಪ್ಪ ರಟ್ಟಿನ ಪುಸ್ತಕವೊಂದಿರುತ್ತದೆ; ಯಾವ ದಿನದ ಸಂಖ್ಯೆಯನ್ನು ಯಾಕೆ ಲೆಕ್ಕಕ್ಕೆ ಹಿಡಿಯಬಾರದು ಎಂದು ಬರೆಯುವುದಕ್ಕೆ. ಅವಳು ಮೂರು ಭಾನುವಾರ ಬಿಟ್ಟು ಉಳಿದ ಹದಿನೆಂಟು ದಿನಗಳ ಮೇಲೆ ಗೆರೆ ಎಳೆದಳು. ಕಾರಣ ಎಂಬ ಕಡೆ ಬರೆದಳು: ನೀರು. ಸಿಂಪಡಿಸಿದವನು ನನ್ನ ತಮ್ಮ. ಹೇಳಿದವಳು ನಾನು.

ಮಳೆರಾಯ ಕತ್ತು ಚಾಚಿ ಓದಿದ. "ನನ್ನನ್ನೂ ಬರೀಲೇಬೇಕಾ ಅಕ್ಕ?"

"ನನ್ನ ಹೆಸರೂ ಅಲ್ಲೇ ಇದೆಯಲ್ಲೋ."

"ನಿಂದು ಕೆಳಗಿದೆ. ಅಪ್ಪ ನೋಡಿದ್ರೆ, ಯಾವಾಗ್ಲೂ ತಮ್ಮನನ್ನೇ ಮುಂದೆ ತಳ್ತಾಳೆ ಅಂತಿದ್ರು." ನಗಲು ಹೋದ, ಆಗಲಿಲ್ಲ. ಕಣ್ಣು ತರಗತಿಗಳ ಕಡೆ ಇತ್ತು. "ಮಗು ಹೇಗಿದೆ ಅಕ್ಕ?"

"ಗೊತ್ತಿಲ್ಲ. ನೀನು ಡಿಪೋ ರಸ್ತೆಗೆ ಹೋಗು. ಟ್ಯಾಂಕಲ್ಲಿ ಎಷ್ಟಿದೆ?"

"ಕಾಲು ಭಾಗ."

"ಅಷ್ಟನ್ನೂ ಹೊಡಿ. ಆಮೇಲೆ ತುಂಬಿಸ್ಕೊಂಡು ಮತ್ತೆ ಹೊಡಿ."

ಲಾರಿ ಹೋಯಿತು. ಅವಳು ಹಳೆಯ ಸರಾಸರಿಯನ್ನು ಅಳಿಸಿ, ಡಬ್ಬ ಹೊಸದಾಗಿ ಲೆಕ್ಕ ಶುರುಮಾಡುವಂತೆ ತಿರುಗಣೆಯನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ಸಂಖ್ಯೆ ಬರುವುದಕ್ಕೂ ಕಾಯದೆ ತರಗತಿಯ ಕಡೆ ನಡೆದಳು.

ಬಾಗಿಲು ಹಾಕಿಯೇ ಇತ್ತು. ಪಕ್ಕದ ಕಿಟಕಿಯ ಗಾಜಿಗೆ ಒಳಗಿನಿಂದ ಮೂಗು ಒತ್ತಿ ಮಿಡತೆ ನಿಂತಿದ್ದಳು, ಖಾಲಿ ಮೈದಾನವನ್ನು ನೋಡುತ್ತ. ಅಮ್ಮ ಎದುರು ಬಂದು ನಿಂತರೂ ನೋಟ ಅಮ್ಮನನ್ನು ದಾಟಿ ಮೈದಾನಕ್ಕೇ ಹೋಗುತ್ತಿತ್ತು. ಚಳಿಗೆ ಗಾಜು ತಣ್ಣಗಿತ್ತು. ಮಗಳು ಉಸಿರು ಬಿಟ್ಟಾಗಲೆಲ್ಲ ಗಾಜಿನ ಮೇಲೆ ನಾಣ್ಯದಗಲದ ಮಂಜು ಮೂಡುತ್ತಿತ್ತು, ಎಳೆದಾಗ ಕುಗ್ಗುತ್ತಿತ್ತು. ಮೂಡುತ್ತಿತ್ತು, ಕುಗ್ಗುತ್ತಿತ್ತು. ನಿಮಿಷಕ್ಕೆ ಮೂವತ್ತರ ಮೇಲೆ ಹೋದರೆ ಕಾಯಬೇಡಿ, ಎತ್ತಿಕೊಂಡು ಬನ್ನಿ, ಎಂದಿದ್ದರು ಡಾಕ್ಟರು.

ಧೂಳಕ್ಕ ಕೈಗಡಿಯಾರ ನೋಡಿಕೊಂಡು ಎಣಿಸಿದಳು. ಮೂವತ್ತಾರು. ಸ್ಕೂಟರಿನ ಕೀಲಿಯನ್ನು ಕೈಗೆ ತೆಗೆದುಕೊಂಡಳು. ಪಂಪು ಕೆಲಸ ಮಾಡುವುದಕ್ಕೆ ಸ್ವಲ್ಪ ಹೊತ್ತು ಬೇಕು, ಗೊತ್ತು. ಇನ್ನೊಂದು ನಿಮಿಷ. ಮೂವತ್ತನಾಲ್ಕು. ಈಗ ಎತ್ತಿಕೊಂಡು ಹೋಗಲೋ, ಇನ್ನೊಂದು ನಿಮಿಷ ಕಾಯಲೋ? ಒಳಗೆ ಟೀಚರು ಒಂದು ಬೆರಳೆತ್ತಿ ತೋರಿಸಿದರು, ಇನ್ನೊಂದೇ ನಿಮಿಷ ಎಂದು. ಜೀವಮಾನದಲ್ಲಿ ಲಕ್ಷ ಕೋಟಿ ಸಂಖ್ಯೆ ಬರೆದ ಕೈ ಗಾಜಿನ ಈಚೆ ಬದಿಯಲ್ಲಿ ಆನಿಕೊಂಡಿತು. ಮೂವತ್ತೆರಡು.

ಗೇಟಿನ ಬಳಿ ಜೀಪು ನಿಂತ ಸದ್ದಾಯಿತು. ಬೂಟಿನ ಸದ್ದು ವರಾಂಡ ಹತ್ತಿತು.

"ಏನಮ್ಮಾ ಇದು? ಬೋರ್ಡ್ ಮೇಲೆ ಅದೇನದು ನೂರೆಂಬತ್ತು? ಆ ಪುಸ್ತಕ ಎಲ್ಲಿ? ಮೊದಲು ಅದನ್ನ…"

ಧೂಳಕ್ಕ ತಿರುಗಲಿಲ್ಲ. ಒಂದು ಕೈಯನ್ನು ಹಿಂದಕ್ಕೆ ಚಾಚಿ, ಅಂಗೈ ಎತ್ತಿ ತಡೆದಳು.

"ಇರಿ ಸಾರ್," ಎಂದಳು. "ಎಣಿಸ್ತಿದೀನಿ."

ಸಾಹೇಬರು ಅವಳ ಭುಜದ ಮೇಲಿಂದ ಇಣುಕಿದರು. ಗಾಜಿನ ಮೇಲೆ ಮಂಜು ಮೂಡಿತು, ಕುಗ್ಗಿತು. ಏನು ನೋಡುತ್ತಿದ್ದಾಳೆಂದು ಅವರಿಗೆ ತಿಳಿಯುವುದಕ್ಕೆ ಅರ್ಧ ನಿಮಿಷ ಹಿಡಿಯಿತು. ಆಮೇಲೆ ಅವರೂ ಗಾಜನ್ನೇ ನೋಡುತ್ತ ನಿಂತರು. ಮಂಜು ಮತ್ತೆ ಮೂಡಿತು, ಈ ಸಲ ಸ್ವಲ್ಪ ಅಗಲವಾಗಿ, ಸ್ವಲ್ಪ ತಡವಾಗಿ.

"ಇಪ್ಪತ್ತೊಂಬತ್ತು," ಎಂದಳು ಧೂಳಕ್ಕ, ಮತ್ತೆ ಒಂದರಿಂದ ಶುರುಮಾಡಿದಳು.